ವೈರಸ್ಸಿನಿಂದ ಬರುವ ಕ್ಯಾನ್ಸರಿಗೆ ಡಿಎನ್‌ಎ ಲಸಿಕೆ: ವಿನ್ಯಾಸಕ್ಕೆ ಕೈಹಾಕುವವರಿಗೊಂದು ಕೈಪಿಡಿ

ಡಿಎನ್‌ಎ ಲಸಿಕೆಯ ಕೆಲಸಕ್ಕೆ ಹೊಸದಾಗಿ ಬಂದವರು ಸಾಮಾನ್ಯವಾಗಿ ಪ್ಲಾಸ್ಮಿಡ್‌ನ, ಅಂದರೆ ಜೀನನ್ನು ಹೊರುವ ಡಿಎನ್‌ಎ ಉಂಗುರದ, ನಕ್ಷೆಯಿಂದ ಶುರುಮಾಡುತ್ತಾರೆ. ಯಾವ ಜೀನನ್ನು ಎಲ್ಲಿ ಕತ್ತರಿಸಿ ಎಲ್ಲಿ ಸೇರಿಸಬೇಕು ಎಂಬ ದುಂಡನೆಯ ಚಿತ್ರ ಪರದೆಯ ಮೇಲೆ ಮೂಡಿದಾಗ ಅರ್ಧ ಕೆಲಸ ಮುಗಿದಂತೆ ಅನ್ನಿಸುವುದು ಸಹಜ. ಆದರೆ ಮುಗಿದಿರುವುದು ಈ ಕ್ಷೇತ್ರದ ಸುಲಭದ ಅರ್ಧ ಮಾತ್ರ. ಪ್ರೊಟೀನೊಂದರ ಮಾಹಿತಿಯನ್ನು ಹೊತ್ತ ಡಿಎನ್‌ಎ ಉಂಗುರವನ್ನು ಬ್ಯಾಕ್ಟೀರಿಯಾದಲ್ಲಿ ಬೆಳೆಸಿ, ಶುದ್ಧಮಾಡಿ, ಸ್ನಾಯುವಿಗೆ ಚುಚ್ಚಿದರೆ ದೇಹದ ಕೋಶಗಳು ಆ ಪ್ರೊಟೀನನ್ನು ತಾವೇ ತಯಾರಿಸುತ್ತವೆ ಎಂಬುದು 1990ರಲ್ಲೇ ಇಲಿಗಳಲ್ಲಿ ಗೊತ್ತಾಯಿತು. ಹಾಗೆ ತಯಾರಾದ ಪ್ರೊಟೀನಿನ ವಿರುದ್ಧ ದೇಹ ಪ್ರತಿಕಾಯಗಳನ್ನು ಹುಟ್ಟಿಸುತ್ತದೆ ಎಂಬುದು 1992ರಲ್ಲಿ, ಈ ಪ್ರತಿಕ್ರಿಯೆ ಇಲಿಗಳನ್ನು ಇನ್‌ಫ್ಲುಯೆಂಜಾದಿಂದ ಕಾಪಾಡಬಲ್ಲದು ಎಂಬುದು 1993ರಲ್ಲಿ ತಿಳಿಯಿತು. ಅಲ್ಲಿಂದ ಈಚೆಗೆ ಸಂಶೋಧಕರನ್ನು ಸತಾಯಿಸುತ್ತ ಬಂದಿರುವುದು ಬೇರೆ ಎರಡು ಪ್ರಶ್ನೆಗಳು. ಗಡ್ಡೆ ಬಿಟ್ಟುಕೊಡಲಾಗದ ಪ್ರೊಟೀನು ಯಾವುದು? ಅದನ್ನು ಗುರುತಿಸುವ, ನಿರೋಧಕ ವ್ಯವಸ್ಥೆಯ ಟಿ ಕೋಶಗಳು ಗಡ್ಡೆಯ ಒಳಕ್ಕೆ ಹೋಗಿ ಕೆಲಸ ಮಾಡುತ್ತವೆಯೇ? ಯೋಜನೆಯ ಪ್ರತಿಯೊಂದು ಹೆಜ್ಜೆಯನ್ನೂ ಈ ಎರಡು ಪ್ರಶ್ನೆಗಳಿಗೆ ಒರೆಹಚ್ಚಿ ನೋಡಬೇಕಾದ್ದರಿಂದ, ಈ ಬರಹ ಪ್ಲಾಸ್ಮಿಡ್‌ನಿಂದ ಶುರುವಾಗದೆ ರೋಗಿಯಿಂದ ಶುರುವಾಗುತ್ತದೆ.

ಯಾರಿಗೆ, ಯಾವ ಹಂತದಲ್ಲಿ

ವೈರಸ್ಸಿನಿಂದ ಬರುವ ಕ್ಯಾನ್ಸರನ್ನು ತಡೆಯುವ ಲಸಿಕೆಗಳು ಆಗಲೇ ಇವೆ ಎಂಬುದನ್ನು ಮೊದಲು ನೆನಪಿಡಿ. ಹೆಪಟೈಟಿಸ್ ಬಿ ಲಸಿಕೆ 1980ರ ದಶಕದಿಂದಲೂ ಬಳಕೆಯಲ್ಲಿದೆ. ಗರ್ಭಕಂಠದ ಕ್ಯಾನ್ಸರ್ ತರುವ ಎಚ್‌ಪಿವಿ ಎಂಬ ವೈರಸ್ಸಿನ ಲಸಿಕೆ 2006ರಲ್ಲಿ ಬಂತು. ಎರಡೂ ಪ್ರತಿಕಾಯಗಳನ್ನು ಹುಟ್ಟಿಸಿ, ವೈರಸ್ ಕೋಶದೊಳಕ್ಕೆ ನುಗ್ಗುವ ಮೊದಲೇ ಅದನ್ನು ಹಿಡಿದು ನಿಲ್ಲಿಸುತ್ತವೆ. ಈ ಕೆಲಸವನ್ನು ಅವು ಎಷ್ಟು ಚೆನ್ನಾಗಿ ಮಾಡುತ್ತವೆಂದರೆ ಅಲ್ಲಿ ಡಿಎನ್‌ಎ ಲಸಿಕೆಗೆ ಪೈಪೋಟಿಗಿಳಿಯಲು ಹೆಚ್ಚು ಅವಕಾಶವಿಲ್ಲ. ಆದರೆ ಆಗಲೇ ಸೋಂಕು ತಗಲಿದವರಿಗೆ ಎಚ್‌ಪಿವಿಯ ತಡೆ ಲಸಿಕೆಯಿಂದ ಆ ಸೋಂಕಿನ ಮಟ್ಟಿಗೆ ಪ್ರಯೋಜನವಿಲ್ಲ. ಅದರಲ್ಲಿರುವುದು ವೈರಸ್ಸಿನ ಹೊರಕವಚದ ಎಲ್1 ಪ್ರೊಟೀನು. ವೈರಸ್ ಬೀಡುಬಿಟ್ಟಿರುವ ತಳಪದರದ ಕೋಶಗಳಲ್ಲಾಗಲಿ, ಕ್ಯಾನ್ಸರ್ ಕೋಶಗಳಲ್ಲಾಗಲಿ ಆ ಪ್ರೊಟೀನು ತಯಾರಾಗುವುದಿಲ್ಲ. ಇಲ್ಲದ ಗುರುತನ್ನು ಹುಡುಕಿಕೊಂಡು ಹೋದ ಕಾವಲುಗಾರ ಬರಿಗೈಲಿ ವಾಪಸಾಗುತ್ತಾನೆ.

ಹಾಗಾಗಿ ಡಿಎನ್‌ಎ ಲಸಿಕೆಯ ನಿಜವಾದ ಜಾಗ ಚಿಕಿತ್ಸೆಯದು. ವೈರಸ್ ಒಳಗೆ ಸೇರಿರುವ ಕೋಶಗಳನ್ನು ಗುರುತಿಸಿ ಕೊಲ್ಲಬಲ್ಲ ಟಿ ಕೋಶಗಳನ್ನು ಎಬ್ಬಿಸುವುದು ಇಲ್ಲಿನ ಗುರಿ. ಪ್ರೊಟೀನು ದೇಹದ ಕೋಶದೊಳಗೇ ತಯಾರಾಗುವುದರಿಂದ ಅದರ ತುಣುಕುಗಳು, ಕೋಶದ ಒಳಗಿನ ಪ್ರೊಟೀನನ್ನು ಹೊರಮೈಯಲ್ಲಿ ತೋರಿಸುವ ಒಂದನೇ ವರ್ಗದ ಎಂಎಚ್‌ಸಿ ಅಣುಗಳ ಮೇಲೇರಿ ಟಿ ಕೋಶಗಳ ಕಣ್ಣಿಗೆ ಬೀಳುವ ಸಾಧ್ಯತೆ ಡಿಎನ್‌ಎ ಲಸಿಕೆಯಲ್ಲಿ ಹೆಚ್ಚು. ಪ್ಲಾಸ್ಮಿಡ್‌ಗೆ ಹೊರಕವಚವಿಲ್ಲದ ಕಾರಣ ಅದರ ವಿರುದ್ಧವೇ ಪ್ರತಿಕಾಯಗಳು ಬೆಳೆದು ಮುಂದಿನ ಡೋಸುಗಳು ವ್ಯರ್ಥವಾಗುವ ಭಯವೂ ಇಲ್ಲ. ವೈರಸ್ಸನ್ನೇ ವಾಹಕವಾಗಿ ಬಳಸುವ ಲಸಿಕೆಗಳಿಗೆ ಈ ಅನುಕೂಲವಿಲ್ಲ.

ಇನ್ನು ಹಂತ. ಬರಿಯ ಸೋಂಕು, ಕ್ಯಾನ್ಸರ್‌ಪೂರ್ವ ಬದಲಾವಣೆ, ಬೆಳೆದ ಕ್ಯಾನ್ಸರ್ ಎಂಬ ಮೂರರಲ್ಲಿ ಮಧ್ಯದ್ದನ್ನು ಹೆಚ್ಚಿನವರು ಆರಿಸಿಕೊಳ್ಳುತ್ತಾರೆ, ಏಕೆಂದರೆ ಆ ಹಂತದಲ್ಲಿ ರೋಗಿಯ ನಿರೋಧಕ ವ್ಯವಸ್ಥೆ ಇನ್ನೂ ಗಟ್ಟಿಯಾಗಿರುತ್ತದೆ ಮತ್ತು ಗಡ್ಡೆ ತನ್ನ ಸುತ್ತ ರಕ್ಷಣೆಯ ಕೋಟೆ ಕಟ್ಟಿಕೊಂಡಿರುವುದಿಲ್ಲ. ನನ್ನ ಅಭಿಪ್ರಾಯದಲ್ಲಿಯೂ ಅದೇ ಸರಿಯಾದ ಆಯ್ಕೆ. ಆದರೆ ಅಲ್ಲೊಂದು ಬಲೆಯಿದೆ: ಗರ್ಭಕಂಠದ ಕ್ಯಾನ್ಸರ್‌ಪೂರ್ವ ಬದಲಾವಣೆಗಳಲ್ಲಿ ಗಣನೀಯ ಭಾಗ ಯಾವ ಚಿಕಿತ್ಸೆಯೂ ಇಲ್ಲದೆ ತಾನಾಗಿಯೇ ಮಾಯವಾಗುತ್ತದೆ. ಎಚ್‌ಪಿವಿ 16 ಮತ್ತು 18ರ ಇ6, ಇ7 ಜೀನುಗಳನ್ನು ಹೊತ್ತ ವಿಜಿಎಕ್ಸ್-3100 ಎಂಬ ಲಸಿಕೆಯ ಎರಡನೇ ಹಂತದ ಪ್ರಯೋಗದ ಫಲಿತಾಂಶ 2015ರಲ್ಲಿ ಪ್ರಕಟವಾದಾಗ, ನಿಯಮದಂತೆ ಪ್ರಯೋಗವನ್ನು ಪೂರೈಸಿದವರಲ್ಲಿ ಲಸಿಕೆ ಪಡೆದ 107 ಮಂದಿಯ ಪೈಕಿ 53 ಮಂದಿಯಲ್ಲಿ, ಅಂದರೆ ನೂರಕ್ಕೆ 49.5ರಷ್ಟು ಜನರಲ್ಲಿ, ಬದಲಾವಣೆ ಹಿಂದಕ್ಕೆ ಸರಿದಿತ್ತು. ಕೇಳಲು ಬೆರಗಾಗುವ ಸಂಖ್ಯೆ. ಆದರೆ ಲಸಿಕೆಯಿಲ್ಲದ ಹುಸಿಮದ್ದು ಪಡೆದ 36 ಮಂದಿಯಲ್ಲೂ 11 ಮಂದಿಗೆ, ಅಂದರೆ ನೂರಕ್ಕೆ 30.6ರಷ್ಟು ಜನರಿಗೆ, ಗುಣ ಕಂಡಿತ್ತು. ಲಸಿಕೆಯ ನಿಜವಾದ ಗಳಿಕೆ ಈ ಎರಡರ ನಡುವಿನ ಅಂತರ ಮಾತ್ರ. ಆದ್ದರಿಂದ ಹೋಲಿಕೆಯ ಗುಂಪಿಲ್ಲದೆ ಈ ಹಂತದಲ್ಲಿ ಪ್ರಯೋಗಕ್ಕೆ ಇಳಿಯಬೇಡಿ. ಯಾರಾದರೂ ಹಾಗೆ ಮಾಡಿ ದೊಡ್ಡ ಸಂಖ್ಯೆಯನ್ನು ಮುಂದಿಟ್ಟರೆ ನಂಬುವ ಮೊದಲು ಈ ನೂರಕ್ಕೆ ಮೂವತ್ತನ್ನು ನೆನಪಿಗೆ ತಂದುಕೊಳ್ಳಿ.

ಗಡ್ಡೆ ಬಿಟ್ಟುಕೊಡಲಾಗದ ಪ್ರೊಟೀನನ್ನು ಹುಡುಕುವುದು

ಪ್ರತಿಜನಕದ, ಅಂದರೆ ನಿರೋಧಕ ವ್ಯವಸ್ಥೆಗೆ ಗುರಿಯಾಗಿ ತೋರಿಸುವ ಪ್ರೊಟೀನಿನ, ಆಯ್ಕೆಯೇ ಈ ಕೆಲಸದ ಜೀವಾಳ. ವೈರಸ್ಸಿನ ಪ್ರೊಟೀನು ದೇಹಕ್ಕೆ ಪರಕೀಯವಾದ್ದರಿಂದ ಅದನ್ನು ಗುರುತಿಸುವ ಟಿ ಕೋಶಗಳನ್ನು ದೇಹ ಮೊದಲೇ ಅಳಿಸಿಹಾಕಿರುವುದಿಲ್ಲ. ಇತರ ಕ್ಯಾನ್ಸರುಗಳ ಅನೇಕ ಲಸಿಕೆಗಳಿಗೆ ಸಿಗದ ಭಾಗ್ಯ ಇದು. ಆದರೆ ಪರಕೀಯವಾಗಿದ್ದರೆ ಸಾಲದು. ಅದು ಪ್ರತಿಯೊಂದು ಕ್ಯಾನ್ಸರ್ ಕೋಶದಲ್ಲೂ ತಯಾರಾಗುತ್ತಿರಬೇಕು. ಅದಕ್ಕಿಂತ ಮುಖ್ಯವಾಗಿ, ಅದನ್ನು ನಿಲ್ಲಿಸಿದರೆ ಕೋಶ ಬದುಕಬಾರದು. ನಿಲ್ಲಿಸಿಯೂ ಬದುಕುವಂತಿದ್ದರೆ, ಲಸಿಕೆಯ ಒತ್ತಡ ಬಿದ್ದಾಗ ಆ ಪ್ರೊಟೀನನ್ನು ಕಳಚಿಟ್ಟ ಕೋಶಗಳೇ ಉಳಿದು ಬೆಳೆಯುತ್ತವೆ.

ಈ ಪರೀಕ್ಷೆಯಲ್ಲಿ ಎಚ್‌ಪಿವಿಯ ಇ6 ಮತ್ತು ಇ7 ಪ್ರೊಟೀನುಗಳಷ್ಟು ಚೆನ್ನಾಗಿ ತೇರ್ಗಡೆಯಾಗುವ ಗುರಿಗಳು ಬಹಳ ಇಲ್ಲ. ಹರಾಲ್ಡ್ ತ್ಸುರ್ ಹೌಸೆನ್ ಅವರ ತಂಡ 1983ರಲ್ಲಿ ಗರ್ಭಕಂಠದ ಕ್ಯಾನ್ಸರಿನಲ್ಲಿ ಎಚ್‌ಪಿವಿ 16ನ್ನೂ ಮರುವರ್ಷ ಎಚ್‌ಪಿವಿ 18ನ್ನೂ ಪತ್ತೆಹಚ್ಚಿತು; 2008ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಆಮೇಲಿನ ಕೆಲಸದಿಂದ ಗೊತ್ತಾದದ್ದೇನೆಂದರೆ, ಈ ವೈರಸ್ಸಿನ ಡಿಎನ್‌ಎ ಮನುಷ್ಯನ ಡಿಎನ್‌ಎ ಒಳಗೆ ತುಂಡಾಗಿ ಸೇರಿಕೊಳ್ಳುವಾಗ ಸಾಮಾನ್ಯವಾಗಿ ಇ2 ಎಂಬ ಜೀನು ಮುರಿದುಹೋಗುತ್ತದೆ, ಇ6 ಮತ್ತು ಇ7 ಉಳಿದುಕೊಳ್ಳುತ್ತವೆ. ಇ2 ಇವೆರಡಕ್ಕೂ ಕಡಿವಾಣವಾಗಿತ್ತು. ಕಡಿವಾಣ ಕಳಚಿದ ಮೇಲೆ ಇ6 ಕೋಶದ ಕಾವಲು ಪ್ರೊಟೀನಾದ ಪಿ53ನ್ನು ಪುಡಿಗಟ್ಟಿಸುತ್ತದೆ, ಇ7 ಕೋಶವಿಭಜನೆಗೆ ತಡೆಯೊಡ್ಡುವ ರೆಟಿನೊಬ್ಲಾಸ್ಟೊಮಾ ಪ್ರೊಟೀನನ್ನು ಕಟ್ಟಿಹಾಕುತ್ತದೆ. ಗರ್ಭಕಂಠದ ಕ್ಯಾನ್ಸರಿನ ಕೋಶಗಳಲ್ಲಿ ಈ ಎರಡನ್ನೂ ಅಡಗಿಸಿದರೆ ಅವು ಬೆಳವಣಿಗೆ ನಿಲ್ಲಿಸುತ್ತವೆ ಅಥವಾ ಸಾಯುತ್ತವೆ. ಗಡ್ಡೆ ಇವುಗಳನ್ನು ಕಳಚಿಡಲಾರದು.

ಉಳಿದ ವೈರಸ್ಸುಗಳನ್ನು ಇದೇ ತಕ್ಕಡಿಯಲ್ಲಿಟ್ಟು ತೂಗಿ. ವಯಸ್ಕರ ಟಿ ಕೋಶದ ರಕ್ತಕ್ಯಾನ್ಸರಿಗೆ ಕಾರಣವಾಗುವ ಎಚ್‌ಟಿಎಲ್‌ವಿ-1ರಲ್ಲಿ ಟ್ಯಾಕ್ಸ್ ಎಂಬ ಪ್ರೊಟೀನು ಟಿ ಕೋಶಗಳನ್ನು ಬಲವಾಗಿ ಎಚ್ಚರಿಸುತ್ತದೆ. ಮೇಲುನೋಟಕ್ಕೆ ಅದೇ ಸರಿಯಾದ ಗುರಿ. ಆದರೆ ಬಹಳಷ್ಟು ರೋಗಿಗಳಲ್ಲಿ ಕ್ಯಾನ್ಸರ್ ಬಲಿಯುವ ಹೊತ್ತಿಗೆ ಟ್ಯಾಕ್ಸ್ ಬಾಯಿ ಮುಚ್ಚಿರುತ್ತದೆ, ಎಚ್‌ಬಿಜೆಡ್ ಎಂಬ ಇನ್ನೊಂದು ಜೀನು ಉಳಿದಿರುತ್ತದೆ. ಎದ್ದು ಕಾಣುವ ಗುರಿಗೂ ಬಿಟ್ಟುಹೋಗದ ಗುರಿಗೂ ಇರುವ ವ್ಯತ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಎಪ್‌ಸ್ಟೈನ್–ಬಾರ್ ವೈರಸ್ಸಿನ ಕ್ಯಾನ್ಸರುಗಳೆಲ್ಲದರಲ್ಲೂ ಇರುವುದು ಇಬಿಎನ್‌ಎ1 ಎಂಬ ಪ್ರೊಟೀನು. ಆದರೆ ಅದರೊಳಗಿನ ಗ್ಲೈಸಿನ್–ಅಲನಿನ್ ಪುನರಾವರ್ತನೆಯ ಭಾಗ ಅದನ್ನು ಟಿ ಕೋಶಗಳ ಕಣ್ಣಿನಿಂದ ಮರೆಮಾಡುತ್ತದೆಯಾದ್ದರಿಂದ ಲಸಿಕೆಗೆ ಬಳಸುವಾಗ ಆ ಭಾಗವನ್ನು ಕತ್ತರಿಸಿ ತೆಗೆಯಬೇಕು. ಮೂಗಿನ ಹಿಂಭಾಗದ ಗಂಟಲಿನ ಕ್ಯಾನ್ಸರಿಗೆ ಜೊತೆಯಾಗಿ ಅದೇ ವೈರಸ್ಸಿನ ಎಲ್‌ಎಂಪಿ2 ಪ್ರೊಟೀನನ್ನೂ ಸೇರಿಸಬಹುದು. 2008ರಲ್ಲಿ ಪತ್ತೆಯಾದ, ಚರ್ಮದ ಕ್ಯಾನ್ಸರೊಂದನ್ನು ತರುವ ಮರ್ಕೆಲ್ ಕೋಶದ ಪಾಲಿಯೋಮಾ ವೈರಸ್ಸಿನ ಗಡ್ಡೆಗಳಲ್ಲಿ ದೊಡ್ಡ ಟಿ ಪ್ರತಿಜನಕ ಎಂಬ ಅದರ ಪ್ರೊಟೀನು ತುದಿ ಮುರಿದ ರೂಪದಲ್ಲಿ ಉಳಿದಿರುತ್ತದೆ. ಲಸಿಕೆಗೆ ಉಳಿದ ಆ ತುಂಡನ್ನೇ ಬಳಸಬೇಕು, ಮುರಿದುಹೋದ ಭಾಗಕ್ಕೆ ಟಿ ಕೋಶ ಹುಟ್ಟಿಸಿ ಪ್ರಯೋಜನವಿಲ್ಲ. ಹೆಪಟೈಟಿಸ್ ಬಿ ಕಷ್ಟದ ಪ್ರಕರಣ. ಯಕೃತ್ತಿನ ಕೋಶಗಳ ಡಿಎನ್‌ಎಯಲ್ಲಿ ಸೇರಿಕೊಂಡ ವೈರಸ್ ತುಣುಕುಗಳಿಂದ ಯಾವ ಪ್ರೊಟೀನು ಹೊರಬರುತ್ತದೆ ಎಂಬುದು ಗಡ್ಡೆಯಿಂದ ಗಡ್ಡೆಗೆ ಬದಲಾಗುತ್ತದೆ. ಮೇಲಾಗಿ ವರ್ಷಗಟ್ಟಲೆ ವೈರಸ್ಸಿನ ಪ್ರೊಟೀನಿನಲ್ಲಿ ಮುಳುಗಿ ಎದ್ದ ಟಿ ಕೋಶಗಳು ದಣಿದುಹೋಗಿರುತ್ತವೆ. ಹೆಪಟೈಟಿಸ್ ಸಿ ವೈರಸ್ಸಂತೂ ತನ್ನ ಜೀನುಗಳನ್ನು ನಮ್ಮ ಡಿಎನ್‌ಎಗೆ ಸೇರಿಸುವುದೇ ಇಲ್ಲವಾದ್ದರಿಂದ ಅದನ್ನು ಇಲ್ಲಿಗೇ ಬಿಡೋಣ.

ಜೀನನ್ನು ನಿರಪಾಯಗೊಳಿಸುವುದು

ಈಗ ಒಂದು ವಿಚಿತ್ರ ಸನ್ನಿವೇಶ ಎದುರಾಗುತ್ತದೆ: ಗಡ್ಡೆ ಬಿಡಲಾರದ ಪ್ರೊಟೀನೆಂದರೆ ಕ್ಯಾನ್ಸರನ್ನು ತರುವ ಪ್ರೊಟೀನೇ. ಅದರ ಜೀನನ್ನು ಹಾಗೆಯೇ ಆರೋಗ್ಯವಂತ ಕೋಶಕ್ಕೆ ಚುಚ್ಚುವುದು ಸಲ್ಲದು. ಆದ್ದರಿಂದ ಅದರ ಹಲ್ಲು ಕೀಳಬೇಕು, ಮುಖಚಹರೆಯನ್ನು ಮಾತ್ರ ಉಳಿಸಬೇಕು.

ಎಚ್‌ಪಿವಿ 16ರ ಇ7ನಲ್ಲಿ 98 ಅಮೈನೋ ಆಮ್ಲಗಳಿವೆ. ರೆಟಿನೊಬ್ಲಾಸ್ಟೊಮಾ ಪ್ರೊಟೀನನ್ನು ಹಿಡಿಯುವ ಕೊಕ್ಕೆ ಅದರ 22ರಿಂದ 26ನೇ ಸ್ಥಾನದವರೆಗೆ ಇದೆ. 24ನೇ ಸ್ಥಾನದ ಸಿಸ್ಟೀನನ್ನೂ 26ನೇ ಸ್ಥಾನದ ಗ್ಲುಟಾಮಿಕ್ ಆಮ್ಲವನ್ನೂ ಗ್ಲೈಸಿನ್‌ಗೆ ಬದಲಿಸಿದರೆ ಕೊಕ್ಕೆ ಸಡಿಲವಾಗುತ್ತದೆ, ಆದರೆ ಇಲಿಗಳ ಟಿ ಕೋಶಗಳು ಗುರುತಿಸುವ 49ರಿಂದ 57ರವರೆಗಿನ ಒಂಬತ್ತು ಅಮೈನೋ ಆಮ್ಲಗಳ ತುಣುಕು ಹಾಗೆಯೇ ಉಳಿಯುತ್ತದೆ. ಇನ್ನೊಂದು ದಾರಿಯೆಂದರೆ ಜೀನನ್ನು ತುಂಡುಗಳಾಗಿ ಕತ್ತರಿಸಿ ಕ್ರಮ ಬದಲಿಸಿ ಜೋಡಿಸುವುದು. ಆಗ ಪ್ರೊಟೀನು ತನ್ನ ಆಕಾರಕ್ಕೆ ಮಡಿಚಿಕೊಳ್ಳಲಾರದು. ಆದರೆ ತುಂಡು ಕತ್ತರಿಸಿದ ಜಾಗದಲ್ಲಿ ಇದ್ದ ಎಪಿಟೋಪ್, ಅಂದರೆ ಟಿ ಕೋಶ ಗುರುತಿಸುವ ತುಣುಕು, ನಾಶವಾಗದಂತೆ ಅಂಚುಗಳಲ್ಲಿ ಸ್ವಲ್ಪ ಭಾಗವನ್ನು ಎರಡೂ ಕಡೆ ಪುನರಾವರ್ತಿಸಬೇಕಾಗುತ್ತದೆ, ಜೋಡಣೆಯ ಜಾಗದಲ್ಲಿ ಮನುಷ್ಯನ ಪ್ರೊಟೀನನ್ನು ಹೋಲುವ ಹೊಸ ತುಣುಕು ಹುಟ್ಟಿಲ್ಲವೆಂದು ಹುಡುಕಿ ನೋಡಬೇಕಾಗುತ್ತದೆ.

ಬದಲಾವಣೆ ಮಾಡಿದ ಮೇಲೆ ಕಾಗದದ ಮೇಲಿನ ತರ್ಕವನ್ನು ನಂಬಿ ಕೂರಬೇಡಿ. ಮನುಷ್ಯನ ಕೋಶಗಳಿಗೆ ಆ ಪ್ಲಾಸ್ಮಿಡ್ ಸೇರಿಸಿ ಪಿ53 ಮತ್ತು ರೆಟಿನೊಬ್ಲಾಸ್ಟೊಮಾ ಪ್ರೊಟೀನುಗಳ ಮಟ್ಟ ಇಳಿದಿಲ್ಲವೆಂದು, ಪ್ರೊಟೀನಿನ ಪ್ರಮಾಣ ತೋರಿಸುವ ವೆಸ್ಟರ್ನ್ ಬ್ಲಾಟ್ ಪರೀಕ್ಷೆಯಲ್ಲಿ ನೋಡಿ. ಮೆದು ಅಗರ್‌ನಲ್ಲಿ ಕೋಶಗಳು ಕ್ಯಾನ್ಸರ್ ಕೋಶಗಳಂತೆ ಗುಂಪುಗಟ್ಟಿ ಬೆಳೆಯುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ. ಮೂಲ ಇ6 ಮತ್ತು ಇ7 ಇರುವ ಪ್ಲಾಸ್ಮಿಡ್ ಪಕ್ಕದ ತಟ್ಟೆಯಲ್ಲಿ ಇರಲೇಬೇಕು, ಇಲ್ಲವಾದರೆ ಪರೀಕ್ಷೆಯೇ ಕೆಲಸ ಮಾಡಿಲ್ಲವೋ, ಪ್ರೊಟೀನೇ ಹಲ್ಲು ಕಳೆದುಕೊಂಡಿದೆಯೋ ಗೊತ್ತಾಗುವುದಿಲ್ಲ.

ಇದೇ ಹಂತದಲ್ಲಿ ಕೋಡಾನುಗಳನ್ನೂ, ಅಂದರೆ ಒಂದೊಂದು ಅಮೈನೋ ಆಮ್ಲವನ್ನು ಸೂಚಿಸುವ ಮೂರಕ್ಷರದ ಸಂಕೇತಗಳನ್ನೂ, ಬದಲಿಸಿ. ಎಚ್‌ಪಿವಿ ತನ್ನ ಜೀನುಗಳನ್ನು ಮನುಷ್ಯನ ಕೋಶ ಅಪರೂಪವಾಗಿ ಬಳಸುವ ಕೋಡಾನುಗಳಲ್ಲಿ ಬರೆದುಕೊಂಡಿದೆ; ಸದ್ದಿಲ್ಲದೆ ಬದುಕಲು ವೈರಸ್ಸಿಗೆ ಅದು ಅನುಕೂಲ. ಲಸಿಕೆಗೆ ಬೇಕಾದದ್ದು ಸದ್ದು.

ಪ್ರೊಟೀನನ್ನು ಸರಿಯಾದ ಬಾಗಿಲಿಗೆ ತಲುಪಿಸುವುದು

ಸ್ನಾಯುವಿಗೆ ಚುಚ್ಚಿದ ಡಿಎನ್‌ಎಯನ್ನು ಹೆಚ್ಚಾಗಿ ತೆಗೆದುಕೊಳ್ಳುವುದು ಸ್ನಾಯುಕೋಶಗಳು. ಅವು ಪ್ರೊಟೀನನ್ನು ಚೆನ್ನಾಗಿಯೇ ತಯಾರಿಸುತ್ತವೆ, ಆದರೆ ಹೊಸ ಟಿ ಕೋಶಗಳಿಗೆ ಪಾಠ ಹೇಳುವ ಅರ್ಹತೆ ಅವಕ್ಕಿಲ್ಲ. ಆ ಪಾಠ ಹೇಳುವವು ಡೆಂಡ್ರೈಟಿಕ್ ಕೋಶಗಳು. ಒಂದೋ ಅವೇ ಡಿಎನ್‌ಎಯನ್ನು ತೆಗೆದುಕೊಳ್ಳಬೇಕು, ಇಲ್ಲವೇ ನೆರೆಯ ಕೋಶ ತಯಾರಿಸಿದ ಪ್ರೊಟೀನನ್ನು ಎತ್ತಿಕೊಂಡು ದುಗ್ಧಗ್ರಂಥಿಗೆ ಸಾಗಿಸಬೇಕು. ಇ7ನ್ನು ಹಾಗೆಯೇ ಬಿಟ್ಟರೆ ಈ ಕೈಬದಲಾವಣೆ ಬಡಕಲಾಗಿ ನಡೆಯುತ್ತದೆ. ಆದ್ದರಿಂದ ಅದಕ್ಕೆ ಇನ್ನೊಂದು ಪ್ರೊಟೀನಿನ ಬಾಲವನ್ನೋ ತಲೆಯನ್ನೋ ಅಂಟಿಸುವುದು ರೂಢಿ. ಕ್ಯಾಲ್‌ರೆಟಿಕ್ಯುಲಿನ್ ಅಥವಾ ಶಾಖಾಘಾತ ಪ್ರೊಟೀನು 70 ಜೋಡಿಸಿದರೆ ಕೊಲ್ಲುವ ಟಿ ಕೋಶಗಳು ಹೆಚ್ಚುತ್ತವೆ. ಲ್ಯಾಂಪ್-1ರ ಭಾಗ ಜೋಡಿಸಿದರೆ ಪ್ರೊಟೀನು ಲೈಸೊಸೋಮಿನ ಕಡೆ ತಿರುಗಿ ಸಹಾಯಕ ಟಿ ಕೋಶಗಳಿಗೆ ಅನುಕೂಲವಾಗುತ್ತದೆ. ಕೊರಿಯಾದಲ್ಲಿ ಬೆಳೆದ ಜಿಎಕ್ಸ್-188ಇ ಎಂಬ ಲಸಿಕೆಯಲ್ಲಿ ಇ6 ಮತ್ತು ಇ7ಗೆ ಡೆಂಡ್ರೈಟಿಕ್ ಕೋಶಗಳನ್ನು ಬೆಳೆಸುವ ಎಫ್‌ಎಲ್‌ಟಿ3 ಲಿಗ್ಯಾಂಡನ್ನು ಸೇರಿಸಲಾಗಿದೆ, ಪ್ರೊಟೀನು ಕೋಶದಿಂದ ಹೊರಕ್ಕೆ ಸ್ರವಿಸುವಂತೆ ಮುಂಭಾಗದಲ್ಲಿ ಸೂಚಕ ಸರಣಿಯೊಂದನ್ನು ಇಡಲಾಗಿದೆ. ಮನುಷ್ಯನ ಪ್ರೊಟೀನುಗಳನ್ನು ಹೀಗೆ ಅಂಟಿಸಿದಾಗ ಅವುಗಳ ವಿರುದ್ಧವೇ ಪ್ರತಿಕಾಯ ಹುಟ್ಟಿದೆಯೇ ಎಂದು ಪರೀಕ್ಷಿಸುವ ಹೊಣೆಯೂ ನಿಮ್ಮದಾಗುತ್ತದೆ.

ಪ್ಲಾಸ್ಮಿಡ್ ಮತ್ತು ಅದರ ತಯಾರಿ

ಬೆನ್ನೆಲುಬಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಮನುಷ್ಯನ ಸೈಟೊಮೆಗಲೊವೈರಸ್ಸಿನ ಬಲವಾದ ಪ್ರೊಮೋಟರ್ (ಜೀನನ್ನು ಚಾಲೂ ಮಾಡುವ ಭಾಗ), ಅದರ ಹಿಂದೆ ಒಂದು ಇಂಟ್ರಾನ್, ಜೀನಿನ ಮುಂದೆ ಕೋಜ಼ಾಕ್ ಸರಣಿ, ಕೊನೆಗೆ ಹಸುವಿನ ಬೆಳವಣಿಗೆ ಹಾರ್ಮೋನಿನ ಪಾಲಿ-ಎ ಸಂಕೇತ, ಬ್ಯಾಕ್ಟೀರಿಯಾದಲ್ಲಿ ಹೆಚ್ಚು ಪ್ರತಿಗಳನ್ನು ಕೊಡುವ ಮೂಲಸ್ಥಾನ, ಕ್ಯಾನಮೈಸಿನ್ ನಿರೋಧಕ ಜೀನು. ಆಂಪಿಸಿಲಿನ್ ಜೀನನ್ನು ಬಳಸಬೇಡಿ, ಏಕೆಂದರೆ ಪೆನಿಸಿಲಿನ್ ಜಾತಿಯ ಔಷಧದ ಉಳಿಕೆಯಿದ್ದರೆ ಒಗ್ಗದವರಿಗೆ ಅಪಾಯ. ಪ್ರಯೋಗಾಲಯದ ಇಲಿಗಳ ಮಟ್ಟದಲ್ಲಿ ಇದು ಗೌಣವೆಂದು ಕಂಡರೂ ಮನುಷ್ಯರ ಪ್ರಯೋಗಕ್ಕೆ ಹೊರಟಾಗ ಇಡೀ ಪ್ಲಾಸ್ಮಿಡ್ಡನ್ನು ಮತ್ತೆ ಕಟ್ಟಿ, ಎಲ್ಲ ಪರೀಕ್ಷೆಗಳನ್ನೂ ಮತ್ತೆ ಮಾಡುವ ಪಾಡು ಬರುತ್ತದೆ.

ತಯಾರಿಯಲ್ಲಿ ಮಾತ್ರ ಕೈಯ ಹದ ಬೇಕು. ಬ್ಯಾಕ್ಟೀರಿಯಾಗಳನ್ನು ಸೋಡಿಯಂ ಹೈಡ್ರಾಕ್ಸೈಡ್ ಮತ್ತು ಡಿಟರ್ಜೆಂಟಿನ ದ್ರಾವಣದಲ್ಲಿ ಒಡೆದಾಗ ಮಸುಕಾಗಿದ್ದ ದ್ರವ ತಿಳಿಯಾಗುತ್ತದೆ, ಜೊತೆಗೆ ಬೆಂಡೆಕಾಯಿಯ ಲೋಳೆಯಂತೆ ಎಳೆಎಳೆಯಾಗಿ ಗಟ್ಟಿಯಾಗುತ್ತದೆ. ಆ ಎಳೆಗಳು ಬ್ಯಾಕ್ಟೀರಿಯಾದ ಸ್ವಂತ ಡಿಎನ್‌ಎ. ಇಲ್ಲಿ ಕೊಳವೆಯನ್ನು ಕುಲುಕಬಾರದು, ನಾಲ್ಕಾರು ಸಲ ನಿಧಾನವಾಗಿ ತಲೆಕೆಳಗು ಮಾಡಿದರೆ ಸಾಕು. ಮೊದಮೊದಲು ನಾನೂ ಆತುರದಲ್ಲಿ ಜೋರಾಗಿ ಕುಲುಕಿ, ಆ ಎಳೆಗಳನ್ನು ಚೂರುಮಾಡಿ, ಮುಂದಿನ ಯಾವ ಹಂತದಲ್ಲೂ ತೆಗೆಯಲಾಗದಷ್ಟು ಬೆರಕೆಯನ್ನು ಪ್ಲಾಸ್ಮಿಡ್‌ಗೆ ಸೇರಿಸಿದ್ದುಂಟು. ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ಕ್ಷಾರದಲ್ಲಿ ಬಿಡುವುದೂ ತಪ್ಪು, ಏಕೆಂದರೆ ಬಿಗಿಯಾಗಿ ತಿರುಚಿಕೊಂಡ ಪ್ಲಾಸ್ಮಿಡ್ ಮತ್ತೆ ಕೂಡಿಕೊಳ್ಳಲಾಗದಂತೆ ಬಿಚ್ಚಿಹೋಗುತ್ತದೆ. ಸರಿಯಾಗಿ ಮಾಡಿದ ತಯಾರಿಯನ್ನು ಅಗರೋಸ್ ಜೆಲ್‌ನಲ್ಲಿ ಓಡಿಸಿದರೆ ಮುಂದೆ ಓಡಿದ ದಪ್ಪ ಪಟ್ಟಿಯೊಂದು, ಹಿಂದೆ ಉಳಿದ ತೆಳು ಪಟ್ಟಿಯೊಂದು ಕಾಣುತ್ತವೆ. ಮುಂದಿನದು ತಿರುಚಿದ ರೂಪ, ಹಿಂದಿನದು ಒಂದೆಳೆ ಕಡಿದ ಸಡಿಲ ಉಂಗುರ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ 2007ರ ಮಾರ್ಗಸೂಚಿ ತಿರುಚಿದ ರೂಪ ನೂರಕ್ಕೆ 80ಕ್ಕಿಂತ ಹೆಚ್ಚಿರುವುದನ್ನು ಬಯಸುತ್ತದೆ, ಪ್ರತಿ ಮಿಲಿಗ್ರಾಂ ಪ್ಲಾಸ್ಮಿಡ್‌ಗೆ ಎಂಡೊಟಾಕ್ಸಿನ್ 40 ಘಟಕಗಳಿಗಿಂತ ಕಡಿಮೆ ಇರಬೇಕೆನ್ನುತ್ತದೆ. ಇಲಿಗಳ ಪ್ರಯೋಗಕ್ಕೂ ಎಂಡೊಟಾಕ್ಸಿನ್ ಅಳೆಯುವುದನ್ನು ಬಿಡಬೇಡಿ. ಬ್ಯಾಕ್ಟೀರಿಯಾದ ಈ ಕೊಳೆಯೇ ನಿರೋಧಕ ವ್ಯವಸ್ಥೆಯನ್ನು ಕೆರಳಿಸಿ ನಿಮ್ಮ ಲಸಿಕೆಗೆ ಸಲ್ಲದ ಕೀರ್ತಿ ತಂದುಕೊಡಬಲ್ಲದು.

ದೇಹದೊಳಕ್ಕೆ

ಇಲಿಯಲ್ಲಿ ಗೆದ್ದ ಎಷ್ಟೋ ಡಿಎನ್‌ಎ ಲಸಿಕೆಗಳು ಮನುಷ್ಯನಲ್ಲಿ ಸೋತದ್ದು ಏಕೆಂದು ತಿಳಿಯಲು ಒಂದು ಲೆಕ್ಕ ಮಾಡಿ ನೋಡಿ. 20 ಗ್ರಾಂ ತೂಕದ ಇಲಿಗೆ 50 ಮೈಕ್ರೊಗ್ರಾಂ ಕೊಟ್ಟರೆ ಅದು ಕಿಲೋಗ್ರಾಂಗೆ 2.5 ಮಿಲಿಗ್ರಾಂ ಆಯಿತು. 60 ಕಿಲೋಗ್ರಾಂ ಮನುಷ್ಯನಿಗೆ ಅದೇ ಪ್ರಮಾಣವೆಂದರೆ 150 ಮಿಲಿಗ್ರಾಂ. ಮೇಲೆ ಹೇಳಿದ ವಿಜಿಎಕ್ಸ್-3100ರ ಒಂದು ಡೋಸಿನಲ್ಲಿ ಇದ್ದದ್ದು 6 ಮಿಲಿಗ್ರಾಂ. ತೂಕದ ಲೆಕ್ಕ ಒರಟು ಲೆಕ್ಕವೇ ಹೌದು, ಆದರೂ ಅಂತರ ಕಣ್ಣಿಗೆ ಹೊಡೆಯುತ್ತದೆ. ಅದರ ಜೊತೆಗೆ ಇಲಿಯ ತೊಡೆಯ ಪುಟ್ಟ ಸ್ನಾಯುವಿಗೆ 50 ಮೈಕ್ರೊಲೀಟರ್ ತುಂಬಿದಾಗ ಒತ್ತಡದಿಂದಲೇ ಡಿಎನ್‌ಎ ಕೋಶಗಳೊಳಕ್ಕೆ ನುಗ್ಗುತ್ತದೆ. ಮನುಷ್ಯನ ತೋಳಿನ ಸ್ನಾಯುವಿನಲ್ಲಿ ಒಂದು ಮಿಲಿಲೀಟರ್ ಅಂಥ ಒತ್ತಡವನ್ನು ಹುಟ್ಟಿಸಲಾರದು.

ಈ ಕೊರತೆಯನ್ನು ತುಂಬಲು ಹೆಚ್ಚಾಗಿ ಬಳಕೆಯಾಗಿರುವುದು ಎಲೆಕ್ಟ್ರೊಪೊರೇಷನ್. ಚುಚ್ಚಿದ ಜಾಗಕ್ಕೆ ಕ್ಷಣಮಾತ್ರದ ವಿದ್ಯುತ್ ಮಿಡಿತಗಳನ್ನು ಕೊಟ್ಟಾಗ ಕೋಶಪೊರೆಯಲ್ಲಿ ತಾತ್ಕಾಲಿಕ ರಂಧ್ರಗಳು ತೆರೆದು ಡಿಎನ್‌ಎ ಒಳಸೇರುತ್ತದೆ. ಪ್ರೊಟೀನಿನ ತಯಾರಿ ಹತ್ತಾರು, ಕೆಲವೊಮ್ಮೆ ನೂರಾರು ಪಟ್ಟು ಏರುತ್ತದೆ. ನೋವು ಕೆಲ ಕ್ಷಣ ಇರುತ್ತದೆ; ಹುಸಿಮದ್ದು ಪಡೆಯುವವರಿಗೂ ಅದೇ ಮಿಡಿತವನ್ನು ಕೊಡದಿದ್ದರೆ ಯಾರಿಗೆ ಏನು ಸಿಕ್ಕಿತೆಂಬ ಗುಟ್ಟು ಮೊದಲ ದಿನವೇ ಬಯಲಾಗುತ್ತದೆ. ಸೂಜಿಯಿಲ್ಲದ ಒತ್ತಡದ ಉಪಕರಣದಿಂದ ಚರ್ಮದೊಳಕ್ಕೆ ಕೊಡುವುದು ಇನ್ನೊಂದು ದಾರಿ. 2021ರ ಆಗಸ್ಟ್‌ನಲ್ಲಿ ಕೋವಿಡ್ ವಿರುದ್ಧ ತುರ್ತು ಬಳಕೆಗೆ ಭಾರತದಲ್ಲಿ ಒಪ್ಪಿಗೆ ಪಡೆದ ಜ಼ೈಕೋವ್-ಡಿ, ಅಂದರೆ ಮನುಷ್ಯರಿಗಾಗಿ ಒಪ್ಪಿಗೆ ಸಿಕ್ಕ ಮೊದಲ ಡಿಎನ್‌ಎ ಲಸಿಕೆ, ಈ ದಾರಿಯಲ್ಲೇ ಬಂತು. ಚರ್ಮದಲ್ಲಿ ಡೆಂಡ್ರೈಟಿಕ್ ಕೋಶಗಳು ದಟ್ಟವಾಗಿರುವುದು ಇದರ ಲಾಭ.

ಇಲಿಗಳಲ್ಲಿ ಪರೀಕ್ಷೆ

ಎಚ್‌ಪಿವಿಗೆ ಬಹುತೇಕ ಎಲ್ಲರೂ ಬಳಸುವುದು ಟಿಸಿ-1 ಎಂಬ ಕೋಶಗಳನ್ನು. ಸಿ57ಬಿಎಲ್/6 ತಳಿಯ ಇಲಿಯ ಶ್ವಾಸಕೋಶದ ಕೋಶಗಳಿಗೆ ಎಚ್‌ಪಿವಿ 16ರ ಇ6, ಇ7 ಮತ್ತು ಕ್ಯಾನ್ಸರಿನತ್ತ ದೂಡುವ, ಕೆರಳಿಸಿದ ರಾಸ್ ಜೀನನ್ನು ಸೇರಿಸಿ ಇವನ್ನು ಮಾಡಲಾಗಿದೆ. ಒಳ್ಳೆಯ ಮಾದರಿ, ಆದರೆ ಉದಾರ ಮಾದರಿ. ಈ ತಳಿಯ ಟಿ ಕೋಶಗಳೆಲ್ಲ ಆ 49ರಿಂದ 57ರ ಒಂದೇ ತುಣುಕಿನ ಮೇಲೆ ಮುಗಿಬೀಳುತ್ತವೆ. ಮನುಷ್ಯರಲ್ಲಿ ಎಚ್‌ಎಲ್‌ಎ (ಮನುಷ್ಯರ ಎಂಎಚ್‌ಸಿ) ಬಗೆಗಳು ಒಬ್ಬರಿಂದೊಬ್ಬರಿಗೆ ಬೇರೆಯಾದ್ದರಿಂದ ಅಂಥ ಒಮ್ಮತ ಸಿಗದು. ಹಾಗಾಗಿಯೇ ಒಂದೆರಡು ಎಪಿಟೋಪ್‌ಗಳ ಬದಲು ಇಡೀ ಪ್ರೊಟೀನಿನ ಜೀನನ್ನು ಕೊಡುವುದು ಮೇಲು.

ಮೂರು ಗುಂಪುಗಳಂತೂ ಇರಲೇಬೇಕು: ಲಸಿಕೆಯ ಪ್ಲಾಸ್ಮಿಡ್, ಜೀನಿಲ್ಲದ ಖಾಲಿ ಪ್ಲಾಸ್ಮಿಡ್, ಬರಿಯ ದ್ರಾವಣ. ಖಾಲಿ ಪ್ಲಾಸ್ಮಿಡ್ಡನ್ನು ಉಳಿತಾಯಕ್ಕಾಗಿ ಕೈಬಿಡುವ ಚಾಳಿಯಿದೆ. ಬ್ಯಾಕ್ಟೀರಿಯಾದಲ್ಲಿ ಬೆಳೆದ ಡಿಎನ್‌ಎಯೇ ಪರಕೀಯ ಡಿಎನ್‌ಎಗೆ ಪ್ರತಿಕ್ರಿಯಿಸುವ ಟಿಎಲ್‌ಆರ್9 ಮತ್ತು ಸ್ಟಿಂಗ್ ಮಾರ್ಗಗಳ ಮೂಲಕ ಎಚ್ಚರಿಕೆಯ ಗಂಟೆ ಬಾರಿಸುವುದರಿಂದ, ಅದಿಲ್ಲದೆ ಗಡ್ಡೆ ನಿಧಾನವಾದದ್ದು ಇ7ನಿಂದಲೋ ಗಂಟೆಯ ಸದ್ದಿನಿಂದಲೋ ಹೇಳಲಾಗದು. ಗಡ್ಡೆ ಕೂರಿಸಿದ ಮೂರನೇ ದಿನ, ಇನ್ನೂ ಕೈಗೆ ಸಿಗದಿರುವಾಗ ಲಸಿಕೆ ಕೊಟ್ಟು ಗುಣಪಡಿಸಿದೆವು ಎನ್ನುವುದು ಸುಲಭ. ಗಡ್ಡೆ ಬೆರಳಿಗೆ ತಗಲುವಷ್ಟು ಬೆಳೆದ ಮೇಲೂ ಕೊಟ್ಟು ನೋಡಿ. ಎಂಎಚ್‌ಸಿಯನ್ನು ತಗ್ಗಿಸಿಕೊಂಡ ಟಿಸಿ-1ರ ಉಪತಳಿಗಳಲ್ಲೂ ನೋಡಿ, ಏಕೆಂದರೆ ಮನುಷ್ಯರ ಗಡ್ಡೆಗಳು ತಪ್ಪಿಸಿಕೊಳ್ಳುವ ಒಂದು ಬಗೆ ಅದೇ.

ಟಿ ಕೋಶಗಳನ್ನು ಎಣಿಸಲು ಎಲಿಸ್ಪಾಟ್ ಸಾಕಷ್ಟು ನಂಬಬಹುದಾದ ವಿಧಾನ. ಗುಲ್ಮದ ಕೋಶಗಳನ್ನು ಇ7 ತುಣುಕುಗಳೊಂದಿಗೆ ರಾತ್ರಿಯಿಡೀ ಇಟ್ಟರೆ, ಇಂಟರ್‌ಫೆರಾನ್ ಗ್ಯಾಮಾ ಸ್ರವಿಸಿದ ಪ್ರತಿ ಕೋಶದ ಜಾಗದಲ್ಲಿ ಒಂದು ಚುಕ್ಕೆ ಮೂಡುತ್ತದೆ. ನಿಜವಾದ ಚುಕ್ಕೆಗೆ ನಡುವೆ ಗಾಢವಾದ ತಿರುಳು, ಸುತ್ತ ಕ್ರಮೇಣ ಮಸುಕಾಗುವ ಅಂಚು ಇರುತ್ತದೆ. ಅಂಚು ಕತ್ತರಿಸಿದಂತೆ ಚೂಪಾಗಿದ್ದರೆ ಅದು ಬಣ್ಣದ ಕಣವೋ ಧೂಳೋ ಆಗಿರುವ ಸಾಧ್ಯತೆ ಹೆಚ್ಚು. ಎಣಿಸುವ ಯಂತ್ರ ಎರಡನ್ನೂ ಒಂದೇ ಎಂದು ಲೆಕ್ಕ ಹಾಕಬಹುದು, ಆದ್ದರಿಂದ ಕೆಲವು ಗುಳಿಗಳನ್ನಾದರೂ ಕಣ್ಣಿನಿಂದ ನೋಡಿ.

ಸುರಕ್ಷತೆ

ಚುಚ್ಚಿದ ಡಿಎನ್‌ಎ ನಮ್ಮ ಡಿಎನ್‌ಎಗೆ ಸೇರಿಕೊಂಡುಬಿಟ್ಟರೆ ಎಂಬ ಭಯ ಸಹಜವಾದದ್ದು, ಕ್ಯಾನ್ಸರ್ ಜೀನಿನ ವಿಷಯದಲ್ಲಂತೂ ಇನ್ನಷ್ಟು. ಇದಕ್ಕಾಗಿ ಚುಚ್ಚಿದ ಸ್ನಾಯು, ದುಗ್ಧಗ್ರಂಥಿ, ಯಕೃತ್ತು, ಜನನಾಂಗ ಮೊದಲಾದ ಅಂಗಾಂಶಗಳಲ್ಲಿ ಎಷ್ಟು ಕಾಲದವರೆಗೆ ಎಷ್ಟು ಪ್ರತಿಗಳು ಉಳಿದಿವೆಯೆಂದು ಪಿಸಿಆರ್‌ನಿಂದ ಅಳೆಯಬೇಕು. ಮೇಲಿನ ಮಾರ್ಗಸೂಚಿಯ ಪ್ರಕಾರ, ಅಧ್ಯಯನದ ಕೊನೆಗೆ ಒಂದು ಮೈಕ್ರೊಗ್ರಾಂ ದೇಹದ ಡಿಎನ್‌ಎಯಲ್ಲಿ 30,000ಕ್ಕಿಂತ ಹೆಚ್ಚು ಪ್ಲಾಸ್ಮಿಡ್ ಪ್ರತಿಗಳು ಉಳಿದಿದ್ದರೆ ಸೇರ್ಪಡೆಯ ಬಗ್ಗೆ ಪ್ರತ್ಯೇಕ ಪರೀಕ್ಷೆ ನಡೆಸಬೇಕು. ಡಿಎನ್‌ಎ ವಿರುದ್ಧವೇ ಪ್ರತಿಕಾಯಗಳು ಏಳುತ್ತವೆಯೇ ಎಂಬುದನ್ನೂ ನೋಡುವ ರೂಢಿಯಿದೆ.

ಮನುಷ್ಯರಲ್ಲಿ ಏನನ್ನು ಅಳೆಯಬೇಕು

ರಕ್ತದಲ್ಲಿ ಟಿ ಕೋಶಗಳು ಏರಿದರೆ ಸಂತೋಷಪಡುವ ಮೊದಲು ರೋಗ ತಗಲಿದ ಜಾಗದಲ್ಲಿ ಏನಾಗಿದೆಯೆಂದು ನೋಡಿ. ಇ7 ಡಿಎನ್‌ಎಯಿಂದ ಶುರುಮಾಡಿ ವ್ಯಾಕ್ಸಿನಿಯಾ ಎಂಬ ವೈರಸ್ಸಿನ ವಾಹಕದಿಂದ ಮುಗಿಸಿದ ಸಣ್ಣ ಪ್ರಯೋಗವೊಂದರ 2014ರ ವರದಿಯಲ್ಲಿ, ರಕ್ತದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣದಿದ್ದರೂ ಗರ್ಭಕಂಠದ ಅಂಗಾಂಶದಲ್ಲಿ ಕೊಲ್ಲುವ ಟಿ ಕೋಶಗಳು ಒತ್ತೊತ್ತಾಗಿ ಸೇರಿದ್ದವು. ಇದರ ತಿರುಗುಮುರುಗಾಗಿ, ರಕ್ತದಲ್ಲಿ ತುಂಬಿತುಳುಕಿದರೂ ಗಡ್ಡೆಯ ಹೊಸ್ತಿಲಲ್ಲೇ ನಿಂತುಬಿಡುವುದೂ ಉಂಟು.

ಬದಲಾವಣೆ ಹಿಂದಕ್ಕೆ ಸರಿದದ್ದರ ಜೊತೆಗೆ ವೈರಸ್ಸೂ ಹೋಗಿದೆಯೇ ಎಂಬುದನ್ನು ಸೇರಿಸಿ ಅಳೆಯುವುದು ಹೆಚ್ಚು ಕಠಿಣವಾದ, ಹೆಚ್ಚು ಪ್ರಾಮಾಣಿಕವಾದ ಮಾನದಂಡ. ವಿಜಿಎಕ್ಸ್-3100ರ ಮೂರನೇ ಹಂತದ ಮೊದಲ ಪ್ರಯೋಗದಲ್ಲಿ ಈ ಎರಡನ್ನೂ ಕೂಡಿಸಿ ಅಳೆದಾಗ, ಫಲಿತಾಂಶ ಲಭ್ಯವಿದ್ದವರಲ್ಲಿ ಲಸಿಕೆಯ ಗುಂಪಿನಲ್ಲಿ ನೂರಕ್ಕೆ 23.7, ಹುಸಿಮದ್ದಿನ ಗುಂಪಿನಲ್ಲಿ 11.3 ಎಂದು 2021ರಲ್ಲಿ ಹೊರಬಂತು. ಎರಡನೆಯ ಪ್ರಯೋಗ ತನ್ನ ಮುಖ್ಯ ಗುರಿಯನ್ನು ಮುಟ್ಟಲಿಲ್ಲ. ಲಸಿಕೆ ಕೆಲಸವನ್ನೇ ಮಾಡುವುದಿಲ್ಲ ಎಂದು ಇದರ ಅರ್ಥವಲ್ಲ. ಯಾರಲ್ಲಿ ಕೆಲಸ ಮಾಡುತ್ತದೆಂದು ಮುಂಚಿತವಾಗಿ ಹೇಳುವುದು ಇನ್ನೂ ನಮ್ಮ ಕೈಗೆ ಬಂದಿಲ್ಲ.

ಬೆಳೆದ ಕ್ಯಾನ್ಸರಿನಲ್ಲಿ ಡಿಎನ್‌ಎ ಲಸಿಕೆಯನ್ನು ಒಂಟಿಯಾಗಿ ಕಳಿಸುವುದು ನನಗೆ ಸರಿಕಾಣುವುದಿಲ್ಲ. ಗಡ್ಡೆ ಟಿ ಕೋಶಗಳಿಗೆ ಹಾಕುವ ಬ್ರೇಕನ್ನು ತೆಗೆಯುವ ಪೆಂಬ್ರೊಲಿಜ಼ುಮ್ಯಾಬ್‌ನಂಥ ಔಷಧದ ಜೊತೆ ಕೊಟ್ಟಾಗ ಚಿತ್ರ ಬದಲಾಗುತ್ತದೆ. ಮುಂದುವರಿದ ಗರ್ಭಕಂಠದ ಕ್ಯಾನ್ಸರಿನಲ್ಲಿ ಜಿಎಕ್ಸ್-188ಇಯನ್ನು ಹೀಗೆ ಕೊಟ್ಟ ಪ್ರಯೋಗದ 2020ರ ಮಧ್ಯಂತರ ವರದಿಯಲ್ಲಿ 26 ಮಂದಿಯ ಪೈಕಿ 11 ಮಂದಿಯಲ್ಲಿ ಗಡ್ಡೆ ಕುಗ್ಗಿತ್ತು. ಪೆಂಬ್ರೊಲಿಜ಼ುಮ್ಯಾಬ್ ಒಂದನ್ನೇ ಕೊಟ್ಟ ಬೇರೊಂದು ಅಧ್ಯಯನದಲ್ಲಿ ಅದು ನೂರಕ್ಕೆ ಸುಮಾರು 12ರಷ್ಟಿತ್ತು. ಎರಡೂ ಬೇರೆಬೇರೆ ರೋಗಿಗಳ ಮೇಲಿನ ಪ್ರಯೋಗಗಳಾದ್ದರಿಂದ ಪಕ್ಕಪಕ್ಕ ಇಟ್ಟು ತೀರ್ಪು ಕೊಡುವಂತಿಲ್ಲ, ಜೊತೆಯಾಗಿ ಪ್ರಯತ್ನಿಸಲು ಕಾರಣವನ್ನಂತೂ ಕೊಡುತ್ತವೆ.

ಕೊನೆಯದಾಗಿ ಬಯಾಪ್ಸಿಯ ಮಾತು. ಮೊದಲ ಡೋಸಿಗೆ ಮುಂಚೆ ತೆಗೆದ ಅಂಗಾಂಶದ ಒಂದು ತುಣುಕನ್ನು ಮೇಣದ ಅಚ್ಚಿನಲ್ಲಿಯೂ, ಇನ್ನೊಂದನ್ನು ಹೆಪ್ಪುಗಟ್ಟಿಸಿಯೂ ಎತ್ತಿಡುವುದನ್ನು ಪ್ರಯೋಗದ ಬರಹದಲ್ಲೇ ಕಡ್ಡಾಯ ಮಾಡಿ. ರೋಗ ತಗಲಿದ ಭಾಗ ಸಣ್ಣದಾಗಿದ್ದರೆ ಬಯಾಪ್ಸಿಯ ಚಿಮಟವೇ ಅದನ್ನು ಪೂರ್ತಿ ಕಿತ್ತು ತೆಗೆದಿರಬಹುದಾದ್ದರಿಂದ ಆ ಭಾಗದ ಅಳತೆಯನ್ನೂ ಅದೇ ಹಾಳೆಯಲ್ಲಿ ಬರೆದಿಡಿ. ವರ್ಷದ ನಂತರ ಲಸಿಕೆಗೆ ಮಣಿಯದ ರೋಗಿಯೊಬ್ಬರ ಗಡ್ಡೆಯಲ್ಲಿ ಎಂಎಚ್‌ಸಿ ಕಾಣದಿದ್ದಾಗ, ಅದು ಲಸಿಕೆಯ ಒತ್ತಡಕ್ಕೆ ಕಳಚಿಕೊಂಡದ್ದೋ ಮೊದಲಿನಿಂದಲೇ ಇರಲಿಲ್ಲವೋ ಎಂದು ಹೇಳಬಲ್ಲದ್ದು ಆ ಎತ್ತಿಟ್ಟ ತುಣುಕು ಮಾತ್ರ.